ಕನಸಿನ ಪ್ಯಾರಿಸ್‌ಗೆ ಬಂದಿದ್ದೇನೆ, ಮನಸ್ಸು ಮಾತ್ರ ಮನೆಯಲ್ಲೇ ಇದೆ. ವಾಪಸ್ ಹೊರಟುಬಿಡಲಾ?

ನೇರಳೆ ಆಕಾಶ:

ಎಲ್ಲರಿಗೂ ನಮಸ್ಕಾರ. ಇಲ್ಲಿ ಈಗ ರಾತ್ರಿ ಒಂದೂವರೆ. ನಿದ್ದೆ ಬರುತ್ತಿಲ್ಲ. ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು ಅನ್ನಿಸುತ್ತಿದೆ.

ನಾನು ಪ್ಯಾರಿಸ್‌ನಲ್ಲಿದ್ದೇನೆ. ಒಬ್ಬಳೇ ಬಂದಿದ್ದೇನೆ. ಹತ್ತು ದಿನದ ಪ್ರವಾಸ, ಇವತ್ತಿಗೆ ನಾಲ್ಕು ದಿನ ಮುಗೀತು. ಈ ಊರು ನೋಡಬೇಕು ಅನ್ನೋದು ಹನ್ನೊಂದನೇ ವಯಸ್ಸಿನಿಂದ ಇದ್ದ ಆಸೆ. ಅಪ್ಪ ಒಂದು ಕ್ಯಾಲೆಂಡರ್ ತಂದಿದ್ದರು. ಅದರ ಒಂದು ಹಾಳೆಯಲ್ಲಿ ಐಫೆಲ್ ಗೋಪುರ ಇತ್ತು. ಸಂಜೆ ಹೊತ್ತಿನ ಚಿತ್ರ, ಹಿಂದೆ ನೇರಳೆ ಬಣ್ಣದ ಆಕಾಶ. ವರ್ಷ ಮುಗಿದ ಮೇಲೆ ಆ ಹಾಳೆ ಕತ್ತರಿಸಿ ಓದೋ ಮೇಜಿನ ಎದುರಿಗೆ ಅಂಟಿಸಿಕೊಂಡೆ. ಪರೀಕ್ಷೆಗೆ ಓದುವಾಗೆಲ್ಲ ಅದು ಕಣ್ಣೆದುರಿಗೇ ಇರುತ್ತಿತ್ತು. ಈಗ ನನಗೆ 36. ನಾಲ್ಕು ವರ್ಷ ಸಂಬಳದಲ್ಲಿ ಸ್ವಲ್ಪ ಸ್ವಲ್ಪ ಎತ್ತಿಟ್ಟು ಬಂದಿದ್ದೇನೆ.

ಬಂದ ದಿನವೇ ಗೋಪುರದ ಹತ್ತಿರ ಓಡಿದೆ. ಸುತ್ತ ಗಾಜಿನ ಗೋಡೆ. ಬ್ಯಾಗ್ ತಪಾಸಣೆಗೆ ಒಂದು ಸಾಲು, ಟಿಕೆಟ್‌ಗೆ ಇನ್ನೊಂದು ಸಾಲು, ಲಿಫ್ಟ್‌ಗೆ ಮತ್ತೊಂದು. ಬುಡದಲ್ಲಿ ನಿಂತು ತಲೆ ಎತ್ತಿ ನೋಡಿದೆ. ಕಂದು ಬಣ್ಣದ ಕಬ್ಬಿಣ. ಆಕಾಶ ನೇರಳೆ ಅಲ್ಲ, ಬೂದಿ ಬಣ್ಣ. ಅದನ್ನು ನೋಡಿದ ತಕ್ಷಣ ಕಣ್ಣಲ್ಲಿ ನೀರು ಬರುತ್ತೆ ಅಂತ ಇಪ್ಪತ್ತೈದು ವರ್ಷದಿಂದ ನಂಬಿಕೊಂಡಿದ್ದೆ. ಏನೂ ಆಗಲಿಲ್ಲ. ಇಪ್ಪತ್ತು ನಿಮಿಷ ಸುಮ್ನೆ ನಿಂತು ರೂಮಿಗೆ ಬಂದೆ.

ಎರಡನೇ ದಿನ ಲೂವ್ರ್ ಮ್ಯೂಸಿಯಂ. ಮೋನಾಲಿಸಾ ಇರೋ ಕೋಣೆಗೆ ಹೋಗೋಕೇ ತುಂಬಾ ಹೊತ್ತು ಹಿಡೀತು. ಮುಂದಿದ್ದವರೆಲ್ಲ ಕೈ ಎತ್ತಿ ಫೋನ್ ಹಿಡಿದಿದ್ದರು. ನಾನು ಚಿತ್ರವನ್ನು ನೋಡಿದ್ದು ಮುಂದಿನವರ ಫೋನ್ ಪರದೆಯಲ್ಲಿ. ಹತ್ತಿರ ಹೋಗಿ ಅರ್ಧ ನಿಮಿಷ ಆಗಿರಲಿಲ್ಲ, ಸಿಬ್ಬಂದಿ ಮುಂದೆ ಹೋಗಿ ಅಂತ ಕೈ ತೋರಿಸಿದರು.

ಇದೆಲ್ಲ ಇರಲಿ, ನನ್ನನ್ನು ನಿಜವಾಗಿ ಕಾಡುತ್ತಿರೋದು ಸಂಜೆ. ಹಗಲೆಲ್ಲ ಹೇಗೋ ತಿರುಗುತ್ತೇನೆ. ಬೀದಿದೀಪ ಹತ್ತಿದ ಕೂಡಲೇ ಎದೆ ಭಾರ ಆಗುತ್ತೆ. ಹೋಟೆಲ್ ಅವರು ಹಾಕಿದ್ದ ಫೋಟೋದಲ್ಲಿ ಕಿಟಕಿಯಾಚೆ ಬೀದಿ ಕಾಣುತ್ತಿತ್ತು. ನನಗೆ ಕೊಟ್ಟ ರೂಮಿನ ಕಿಟಕಿ ತೆರೆದರೆ ಗೋಡೆ.

ನಮ್ಮ ಮನೆಯಲ್ಲಿ ರಾತ್ರಿ ಎಲ್ಲರೂ ಮಲಗೋ ಮುಂಚೆ ಅಮ್ಮ ಬಾಗಿಲಿನ ಚಿಲಕ ಹಾಕುತ್ತಾರೆ. ಹಾಕಿದ ಮೇಲೆ ಸರಿಯಾಗಿ ಬಿದ್ದಿದೆಯಾ ಅಂತ ಒಂದು ಸಲ ಎಳೆದು ನೋಡುತ್ತಾರೆ. ಟಕ್ ಅನ್ನೋ ಸದ್ದು, ಆಮೇಲೆ ಬಾಗಿಲು ಸಣ್ಣಗೆ ಅಲುಗೋ ಸದ್ದು. ಈ ಎರಡು ಸದ್ದು ಕೇಳಿದ ಮೇಲೇ ನನಗೆ ನಿದ್ದೆ. ಇದು ನನಗೆ ಗೊತ್ತೇ ಇರಲಿಲ್ಲ. ಇಲ್ಲಿನ ಕೆಲವು ಹಳೇ ಮೆಟ್ರೊ ಬೋಗಿಗಳಲ್ಲಿ ಬಾಗಿಲು ತಾನಾಗಿ ತೆರೆಯೋದಿಲ್ಲ, ನಾವೇ ಹಿಡಿ ಎತ್ತಬೇಕು. ಇವತ್ತು ನಾನು ಎತ್ತಿದೆ. ಟಕ್ ಅಂತು. ಪ್ಲಾಟ್‌ಫಾರ್ಮ್ ಮೇಲೆ ಇಳಿದು ಕುರ್ಚಿಯಲ್ಲಿ ಕೂತು ಅತ್ತುಬಿಟ್ಟೆ.

ಮನೆಯಿಂದ ಫೋನ್ ಬಂದಾಗೆಲ್ಲ "ತುಂಬಾ ಚೆನ್ನಾಗಿದೆ" ಅಂತಲೇ ಹೇಳುತ್ತಿದ್ದೇನೆ. ಹಾಗೆ ಹೇಳಿ ಫೋನ್ ಇಟ್ಟ ಮೇಲೆ ಇನ್ನೂ ಒಂಟಿ ಅನ್ನಿಸುತ್ತೆ.

ಇನ್ನೂ ಆರು ದಿನ ಇದೆ. ಟಿಕೆಟ್ ಬದಲಾಯಿಸಿಕೊಂಡು ಬಂದುಬಿಡಲಾ? ಇಂಥ ಊರು ನೋಡಿಯೂ ಏನೂ ಅನ್ನಿಸಲಿಲ್ಲ ಅಂದರೆ ನನ್ನಲ್ಲೇ ಏನೋ ತೊಂದರೆ ಇದೆಯಾ? ಹೀಗೆ ಆದವರು ಇದ್ದರೆ ದಯವಿಟ್ಟು ಹೇಳಿ.

ಎಡದಂಡೆ:

ನಿಮ್ಮಲ್ಲಿ ಯಾವ ತೊಂದರೆಯೂ ಇಲ್ಲ ಮೇಡಂ. ನಾನು ಪ್ಯಾರಿಸ್‌ನಲ್ಲಿ ಆರು ವರ್ಷ ಇದ್ದೆ, ಮೊದಲು ಓದೋಕೆ, ಆಮೇಲೆ ಕೆಲಸಕ್ಕೆ. ಮೊದಲ ತಿಂಗಳು ನನಗೂ ಹೀಗೇ ಆಗಿತ್ತು.

ಇದಕ್ಕೆ ಒಂದು ಹೆಸರೇ ಇದೆ, ಪ್ಯಾರಿಸ್ ಸಿಂಡ್ರೋಮ್ ಅಂತ. 1980ರ ದಶಕದಲ್ಲಿ ಪ್ಯಾರಿಸ್‌ನಲ್ಲೇ ಕೆಲಸ ಮಾಡುತ್ತಿದ್ದ ಜಪಾನಿನ ಮನೋವೈದ್ಯ ಹಿರೋಆಕಿ ಓಟಾ ಇಟ್ಟ ಹೆಸರು. ಏನೇನೋ ಕನಸು ಕಟ್ಟಿಕೊಂಡು ಬಂದು, ಇಲ್ಲಿನ ನಿಜ ನೋಡಿ ಮನಸ್ಸು ಕುಸಿದುಹೋಗಿದ್ದ ಜಪಾನಿನವರನ್ನು ಅವರು ನೋಡುತ್ತಿದ್ದರು. ಇದು ವೈದ್ಯರ ಪಟ್ಟಿಯಲ್ಲಿರೋ ಅಧಿಕೃತ ರೋಗ ಏನಲ್ಲ. ನಿಮಗೆ ಅದು ಬಂದಿದೆ ಅಂತಲೂ ನಾನು ಹೇಳುತ್ತಿಲ್ಲ. ಒಂದು ಊರಿನ ಹೆಸರಲ್ಲೇ ಇಂಥ ಮಾತು ಹುಟ್ಟಿದೆ ಅಂದಮೇಲೆ, ನಿಮಗಿಂತ ಮೊದಲು ಎಷ್ಟು ಜನ ಆ ಬೀದಿಗಳಲ್ಲಿ ನಿಮ್ಮ ಹಾಗೇ ನಿಂತಿರಬೇಕು ಅಲ್ವಾ?

ಗೋಪುರ ಇಷ್ಟ ಆಗಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. ಅದನ್ನು ಕಟ್ಟೋಕೆ ಶುರು ಮಾಡಿದಾಗ, 1887ರಲ್ಲಿ, ಪ್ಯಾರಿಸ್‌ನ ದೊಡ್ಡ ದೊಡ್ಡ ಕಲಾವಿದರು, ಬರಹಗಾರರೇ ಇದು ಬೇಡ ಅಂತ ಪತ್ರಿಕೆಯಲ್ಲಿ ಪ್ರತಿಭಟನೆ ಪ್ರಕಟಿಸಿದ್ದರು. 1889ರ ಜಾಗತಿಕ ಪ್ರದರ್ಶನಕ್ಕೆ ಅಂತ ಕಟ್ಟಿದ್ದು, ಇಪ್ಪತ್ತು ವರ್ಷ ಆದಮೇಲೆ ಬಿಚ್ಚಬಹುದು ಅನ್ನೋ ಲೆಕ್ಕ ಇತ್ತು. ರೇಡಿಯೊ ಸಂದೇಶ ಕಳಿಸೋಕೆ ಅಷ್ಟು ಎತ್ತರ ಉಪಯೋಗಕ್ಕೆ ಬಂತು, ಅದಕ್ಕೇ ಉಳಿಯಿತು. ಆ ಊರಿನವರೇ ಅದನ್ನು ಒಪ್ಪಿಕೊಳ್ಳೋಕೆ ವರ್ಷಗಟ್ಟಲೆ ತೆಗೆದುಕೊಂಡಿದ್ದಾರೆ. ನೀವು ಇಪ್ಪತ್ತು ನಿಮಿಷಕ್ಕೇ ನಿಮ್ಮನ್ನು ಪರೀಕ್ಷೆಗೆ ಕೂರಿಸಿಕೊಂಡಿದ್ದೀರಿ.

ಮೋನಾಲಿಸಾ ವಿಷಯ ನನಗೆ ಹೊಟ್ಟೆ ಉರಿಯೋ ವಿಷಯ. ಆ ಚಿತ್ರ ಇರೋದೇ 77 ಸೆಂಟಿಮೀಟರ್ ಎತ್ತರ, 53 ಅಗಲ. ಮರದ ಹಲಗೆ ಮೇಲೆ ಬರೆದದ್ದು. ಒಬ್ಬರು ಎದುರಿಗೆ ನಿಂತು ಮೆಲ್ಲಗೆ ನೋಡಬೇಕಾದ ಚಿತ್ರ. 1911ರಲ್ಲಿ ಅದು ಕಳುವಾಯಿತು. ಎರಡು ವರ್ಷ ಸಿಗಲಿಲ್ಲ. ಆಗ ಅದು ನೇತಾಡುತ್ತಿದ್ದ ಖಾಲಿ ಜಾಗ ನೋಡೋಕೆ ಜನ ಬಂದರು! ಖಾಲಿ ಗೋಡೆ ನೋಡೋಕೆ. ಆವತ್ತಿನಿಂದ ಆ ಕೋಣೆಗೆ ಜನ ಬರೋದು ಚಿತ್ರಕ್ಕಿಂತ ಜಾಸ್ತಿ ಅದರ ಹೆಸರಿಗೆ ಅಂತ ನನ್ನ ಅನಿಸಿಕೆ. ನೀವು ನೋಡಿದ್ದು ಆ ಹೆಸರಿನ ಗದ್ದಲವನ್ನು.

ಒಂದು ಕೇಳ್ತೀನಿ. ಆ ಕೋಣೆಯಲ್ಲಿ ಹಿಂದಕ್ಕೆ ತಿರುಗಿ ನೋಡಿದ್ರಾ? ಎದುರು ಗೋಡೆಯಲ್ಲಿ ವೆರೊನೀಸ್ ಬರೆದ, ಬೈಬಲ್ ಕಥೆಯಲ್ಲಿ ಬರೋ ಕಾನಾ ಅನ್ನೋ ಊರಿನ ಮದುವೆಯ ಚಿತ್ರ ಇದೆ. ಹತ್ತಿರ ಹತ್ತಿರ 10 ಮೀಟರ್ ಅಗಲ. ಲೂವ್ರ್‌ನಲ್ಲೇ ಅತಿ ದೊಡ್ಡ ವರ್ಣಚಿತ್ರ. ನೂರಕ್ಕೂ ಹೆಚ್ಚು ಮುಖಗಳಿವೆ, ನಡುವೆ ಸಂಗೀತಗಾರರು, ನಾಯಿಗಳು. ಎಲ್ಲರ ಬೆನ್ನು ಅದರ ಕಡೆಗೇ. ಮತ್ತೆ ಹೋಗೋ ಮನಸ್ಸಾದರೆ ಬುಧವಾರ ಅಥವಾ ಶುಕ್ರವಾರ ಸಂಜೆ ಹೋಗಿ, ಆ ದಿನ ರಾತ್ರಿ ಒಂಬತ್ತರವರೆಗೆ ತೆರೆದಿರುತ್ತೆ. ಮಂಗಳವಾರ ರಜೆ. ಮನಸ್ಸಾಗದಿದ್ದರೆ ಬಿಡಿ, ಖಂಡಿತ ಬಿಡಿ.

ನಿಮ್ಮ ಪಟ್ಟಿ ಇದ್ದರೆ ಅದನ್ನು ಮಡಚಿ ಒಳಗಿಡಿ. ನನ್ನನ್ನು ಆ ಊರಲ್ಲಿ ಉಳಿಸಿದ್ದು ಎರಡು ಜಾಗ. ಒಂದು, ಬಾಸ್ಟೀಲ್ ಹತ್ತಿರ ಶುರುವಾಗೋ ಕೂಲೆ ವೆರ್ತ್. ಹಳೇ ರೈಲು ಹಳಿ ಇದ್ದ ಎತ್ತರದ ಕಮಾನುಗಳ ಮೇಲೆ ಗಿಡ ಮರ ಬೆಳೆಸಿ ದಾರಿ ಮಾಡಿದ್ದಾರೆ. ಮೂರನೇ ಮಹಡಿ ಕಿಟಕಿಗಳ ಮಟ್ಟದಲ್ಲಿ ನಡೆದುಕೊಂಡು ಹೋಗಬಹುದು. ಜನ ಬಟ್ಟೆ ಮಡಚೋದು, ಮಕ್ಕಳು ಹೋಂವರ್ಕ್ ಮಾಡೋದು ಕಾಣುತ್ತೆ. ಇನ್ನೊಂದು ಲಕ್ಸೆಂಬರ್ಗ್ ಉದ್ಯಾನ. ಹಸಿರು ಬಣ್ಣದ ಕಬ್ಬಿಣದ ಕುರ್ಚಿಗಳಿವೆ, ಯಾವುದನ್ನೂ ನೆಲಕ್ಕೆ ಕಟ್ಟಿಲ್ಲ. ಒಂದನ್ನು ಎಳೆದುಕೊಂಡು ನಿಮಗೆ ಬೇಕಾದ ಕಡೆ ಹಾಕಿಕೊಂಡು ಕೂತುಕೊಳ್ಳಿ. ಯಾರೂ ಏಳಿ ಅನ್ನೋದಿಲ್ಲ.

ಡ್ಯೂಟಿ ಮುಗೀತು:

ತಂಗಿ, ನಾನು ನರ್ಸ್. ಹನ್ನೊಂದು ವರ್ಷದಿಂದ ಹೊರದೇಶದಲ್ಲೇ ಕೆಲಸ. ಮೇಲಿನವರು ಊರಿನ ಬಗ್ಗೆ ಚೆನ್ನಾಗಿ ಹೇಳಿದ್ದಾರೆ. ನನಗೆ ನಿಮ್ಮ ಬರಹದಲ್ಲಿ ಕಂಡಿದ್ದು ಊರಿನ ಸಮಸ್ಯೆ ಅಲ್ಲ, ಚಿಲಕದ್ದು.

ಮನೆಯ ನೆನಪು ಮೈಗೂ ನೋವು ಕೊಡುತ್ತೆ. 1688ರಲ್ಲಿ ಯೊಹಾನೆಸ್ ಹೋಫರ್ ಅಂತ ಒಬ್ಬ ವೈದ್ಯಕೀಯ ವಿದ್ಯಾರ್ಥಿ ಬಾಸೆಲ್‌ನಲ್ಲಿ ಇದರ ಮೇಲೇ ಪ್ರಬಂಧ ಬರೆದಿದ್ದ. ಗ್ರೀಕ್ ಭಾಷೆಯ ಎರಡು ಪದ ಸೇರಿಸಿ ನಾಸ್ಟಾಲ್ಜಿಯಾ ಅನ್ನೋ ಹೆಸರು ಕೊಟ್ಟಿದ್ದೇ ಅವನು. ಒಂದು ಪದಕ್ಕೆ ಮನೆಗೆ ಮರಳೋದು ಅಂತ ಅರ್ಥ, ಇನ್ನೊಂದಕ್ಕೆ ನೋವು. ಈಗ ನಾವು ಆ ಪದವನ್ನು ಹಳೇ ದಿನಗಳ ಸಿಹಿ ನೆನಪಿಗೆ ಬಳಸುತ್ತೇವೆ. ಮೊದಲು ಅದು ಕಾಯಿಲೆಯ ಹೆಸರಾಗಿತ್ತು. ಕೆಲಸಕ್ಕೆ ಸೇರಿದ ಮೊದಲ ಚಳಿಗಾಲದಲ್ಲಿ ಇದನ್ನು ಓದಿ ನನಗೆ ಎಷ್ಟು ಸಮಾಧಾನ ಆಯ್ತು ಅಂದರೆ, ಆ ಪುಟದ ಫೋಟೋ ತೆಗೆದಿಟ್ಟುಕೊಂಡಿದ್ದೆ. ಮುನ್ನೂರು ವರ್ಷದ ಹಿಂದೆಯೇ ಒಬ್ಬರು ಇದನ್ನು ಗಂಭೀರವಾಗಿ ತೆಗೆದುಕೊಂಡಿದ್ದಾರಲ್ಲ ಅಂತ.

ಈಗ ಕೆಲಸದ ಮಾತು. ಮೊದಲು ನಿದ್ದೆ. ನಾಲ್ಕು ರಾತ್ರಿ ನಿದ್ದೆಗೆಟ್ಟವರಿಗೆ ಯಾವ ಊರೂ ಚೆಂದ ಕಾಣೋದಿಲ್ಲ. ನಿಮ್ಮ ಮೈ ಇನ್ನೂ ಮನೆಯ ಗಡಿಯಾರದಲ್ಲೇ ಇದೆ. ಹಗಲಿನ ಬೆಳಕಲ್ಲಿ ಹೊರಗಿರಿ, ಮಧ್ಯಾಹ್ನ ಉದ್ದಕ್ಕೆ ಮಲಗಬೇಡಿ, ರಾತ್ರಿ ಫೋನ್ ದೂರ ಇಡಿ. ನಾಳೆ ಬೆಳಗ್ಗೆ ಹೋಟೆಲ್ ಕೌಂಟರ್‌ಗೆ ಹೋಗಿ ಬೇರೆ ರೂಮ್ ಕೇಳಿ. ಸಂಕೋಚ ಬೇಡ. ಗೋಡೆ ನೋಡಿಕೊಂಡು ಆರು ದಿನ ಇರೋದು ಯಾರಿಗೂ ಕಷ್ಟವೇ.

ಎರಡನೇದು, ದಿನಾ ಒಂದೇ ಹೊತ್ತಿಗೆ ಒಂದೇ ಜಾಗಕ್ಕೆ ಹೋಗಿ. ಅದೇ ಬೆಂಚು, ಅದೇ ಅಂಗಡಿ, ಅದೇ ಮೂಲೆ. ಮೂರನೇ ದಿನಕ್ಕೆ ಅಲ್ಲಿನವರು ನಿಮ್ಮ ಮುಖ ನೋಡಿ ತಲೆ ಆಡಿಸುತ್ತಾರೆ. ಅಷ್ಟು ಸಾಕು. ಪ್ರವಾಸದಲ್ಲಿ ನಾವು ದಿನಾ ಹೊಸ ಜಾಗಕ್ಕೇ ಹೋಗ್ತೀವಿ, ಅದರಿಂದ ಎಲ್ಲೂ ಗುರುತಿನವರೇ ಸಿಗೋದಿಲ್ಲ.

ಮೂರನೇದು ಫೋನ್. ಸಂಜೆ ಉದ್ದುದ್ದ ಮಾತಾಡೋದು ಬೇಡ, ಆಗಲೇ ನಿಮಗೆ ಜಾಸ್ತಿ ಕಷ್ಟ ಆಗ್ತಿರೋದು. ಬೆಳಗ್ಗೆ ಮಾಡಿ. ನಿಮ್ಮ ಅಮ್ಮನಿಗೆ ನಿಜ ಹೇಳಿ. "ಚೆನ್ನಾಗಿದೆ" ಅನ್ನೋ ಸುಳ್ಳು ನಿಮ್ಮಿಬ್ಬರ ನಡುವೆ ಒಂದು ಗೋಡೆ ಕಟ್ಟಿದೆ. ಅದಕ್ಕೇ ಫೋನ್ ಇಟ್ಟ ಮೇಲೆ ಇನ್ನೂ ಒಂಟಿ ಅನ್ನಿಸೋದು.

ಊಟ ಸೇರದೆ, ಸ್ವಲ್ಪವೂ ನಿದ್ದೆ ಇಲ್ಲದೆ, ಎದೆ ಬಡಿತ ನಿಲ್ಲದೆ ಇದ್ದರೆ ಮಾತ್ರ ತಡ ಮಾಡಬೇಡಿ, ವೈದ್ಯರನ್ನು ನೋಡಿ. ತುರ್ತು ಇದ್ದರೆ ಅಲ್ಲಿನ ನಂಬರ್ 112.

ಖಡಕ್ ಮಾತು:

ಬೇಜಾರಾದರೂ ಹೇಳ್ತೀನಿ. ಎಷ್ಟೋ ಜನರಿಗೆ ಈ ಅವಕಾಶ ಜೀವಮಾನದಲ್ಲಿ ಸಿಗೋದಿಲ್ಲ. ನನಗೂ ಸಿಕ್ಕಿಲ್ಲ. ಇನ್ನು ಆರು ದಿನ ಇದೆ ಅಂತೀರಿ. ಕಣ್ಣು ಒರೆಸಿಕೊಂಡು ಹೊರಗೆ ಹೋಗಿ ನೋಡಿ. ಮನೆ ಎಲ್ಲೂ ಓಡಿಹೋಗೋದಿಲ್ಲ.

ಅರ್ಧದಾರಿ:

ಖಡಕ್ ಅವರೇ, ನಿಮಗೆ ಅವಕಾಶ ಸಿಗಲಿ ಅಂತ ಮನಸಾರೆ ಹಾರೈಸುತ್ತೇನೆ. ಆದರೆ ಒಬ್ಬರಿಗೆ ಸಿಕ್ಕಿಲ್ಲ ಅನ್ನೋದರಿಂದ ಇನ್ನೊಬ್ಬರ ನೋವು ಕಡಿಮೆ ಆಗೋದಿಲ್ಲ. ಅವರಿಗೂ ಅದು ಗೊತ್ತು. ಅದಕ್ಕೇ ಅಲ್ವಾ ಮನೆಯವರಿಗೆ ಸುಳ್ಳು ಹೇಳ್ತಿರೋದು.

ನಾನು ಹನ್ನೆರಡು ದಿನದ ಪ್ರವಾಸ ಬಿಟ್ಟು ಐದನೇ ದಿನಕ್ಕೆ ವಾಪಸ್ ಬಂದವನು. ಊರು ವೆನಿಸ್. ಕಾರು, ಬೈಕ್ ಇಲ್ಲದ ಊರು, ನೀರಿನ ಮೇಲೆ ನಿಂತಿರೋ ಊರು ಅಂತ ಶಾಲೆಯಿಂದ ಕೇಳಿಕೊಂಡು ಬಂದಿದ್ದೆ. ಹಗಲು ಹೊತ್ತು ರಿಯಾಲ್ಟೊ ಸೇತುವೆ ಮೇಲೆ ಹೆಜ್ಜೆ ಇಡೋಕೆ ಜಾಗ ಇರಲಿಲ್ಲ. ಸಂಜೆ ಹಗಲಿನ ಪ್ರವಾಸಿಗರೆಲ್ಲ ಹೊರಟುಹೋದ ಮೇಲೆ ಓಣಿಗಳು ಖಾಲಿ, ಕಾಲುವೆ ನೀರು ಕಲ್ಲಿಗೆ ಬಡಿಯೋ ಸದ್ದು ಮಾತ್ರ. ಅದು ಚೆಂದವೇ. ಆದರೆ ಆಗ ನನ್ನ ಮಗಳಿಗೆ ಎರಡು ವರ್ಷ. ನಾನು ಹೊರಟ ವಾರವೇ ಅವಳು ಮೊದಲ ಸಲ ಪೂರ್ತಿ ವಾಕ್ಯ ಮಾತಾಡಿದಳು. "ಅಪ್ಪ ಎಲ್ಲಿ ಹೋದ?" ಅಂತ. ಹೆಂಡತಿ ರೆಕಾರ್ಡ್ ಮಾಡಿ ಕಳಿಸಿದಳು. ಅದನ್ನು ಒಂದು ಸೇತುವೆ ಮೇಲೆ ನಿಂತು ಕೇಳಿದೆ, ಆಮೇಲೆ ಅಲ್ಲಿ ಏನು ನೋಡಿದೆ ಅಂತ ನೆನಪೇ ಇಲ್ಲ.

ವಾಪಸ್ ಬಂದಿದ್ದಕ್ಕೆ ಇವತ್ತಿನವರೆಗೂ ಒಂದು ದಿನವೂ ಪಶ್ಚಾತ್ತಾಪ ಪಟ್ಟಿಲ್ಲ. ಆದ್ದರಿಂದ "ಬರಲಾ?" ಅಂತ ನೀವು ಕೇಳಿದ್ದಕ್ಕೆ ಬರಬಹುದು ಅಂತಲೇ ಹೇಳ್ತೀನಿ. ಒಂದು ಮಾತು ಮಾತ್ರ. ತೀರ್ಮಾನ ರಾತ್ರಿ ಒಂದೂವರೆಗೆ ಬೇಡ. ಬೆಳಗ್ಗೆ ಎದ್ದು, ಏನಾದರೂ ತಿಂದು, ಟಿಕೆಟ್ ಬದಲಾಯಿಸೋಕೆ ಎಷ್ಟು ಆಗುತ್ತೆ ಅಂತ ಮೊದಲು ವಿಚಾರಿಸಿ. ಬೆಳಗಿನ ಬೆಳಕಲ್ಲೂ ಹೋಗಬೇಕು ಅನ್ನಿಸಿದರೆ ಹೊರಡಿ. ನಾನು ರಾತ್ರಿ ಮೂರಕ್ಕೆ ಗಾಬರಿಯಲ್ಲಿ ಬುಕ್ ಮಾಡಿ ತಪ್ಪು ತಾರೀಖಿನ ಟಿಕೆಟ್ ತಗೊಂಡಿದ್ದೆ. ಅದನ್ನು ಸರಿಮಾಡೋಕೆ ಇಡೀ ದಿನ ಹೋಯ್ತು.

ನೇರಳೆ ಆಕಾಶ:

ಮೂರು ದಿನ ಆಯ್ತು ಬರೆದು. ಎಲ್ಲರಿಗೂ ಥ್ಯಾಂಕ್ಸ್. ಖಡಕ್ ಅವರೇ, ನಿಮಗೂ. ನೀವು ಹೇಳಿದ್ದನ್ನು ನಾನೇ ನನಗೆ ಹತ್ತು ಸಲ ಹೇಳಿಕೊಂಡಿದ್ದೆ.

ಬೆಳಗ್ಗೆ ಅಮ್ಮನಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ಗೋಪುರದ್ದು, ಗೋಡೆ ಕಿಟಕಿಯದ್ದು, ಚಿಲಕದ್ದು. ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಾನು ಬಾಗಿಲು ಎಳೆದು ನೋಡ್ತೀನಾ? ನನಗೇ ಗೊತ್ತಿಲ್ವಲ್ಲೇ" ಅಂದರು. ಆಮೇಲೆ, "ಸಾಕು ಅನ್ನಿಸಿದ್ರೆ ಬಂದ್ಬಿಡು. ಯಾರಿಗೆ ಲೆಕ್ಕ ಕೊಡಬೇಕು ನೀನು?" ಅಂದರು. ಅಷ್ಟೇ ಮಾತು. ಆವತ್ತು ಸಂಜೆ ನಾನು ಫೋನ್ ಮಾಡಲಿಲ್ಲ, ಅವರೇ ಮಾಡಿದರು. ಅಲ್ಲಿ ಮಲಗೋ ಹೊತ್ತು. ಏನೂ ಮಾತಾಡದೆ ಫೋನನ್ನು ಬಾಗಿಲ ಹತ್ತಿರ ಹಿಡಿದಿದ್ದರು. ಟಕ್ ಅಂತು. ಬಾಗಿಲು ಅಲುಗಿತು. "ಕೇಳಿಸ್ತಾ? ಮಲಕ್ಕೋ" ಅಂದು ಇಟ್ಟರು. ಇಲ್ಲಿ ಇನ್ನೂ ಏಳು ಗಂಟೆ, ಬೆಳಕಿತ್ತು. ಆದರೂ ಒಂಬತ್ತಕ್ಕೆ ಮಲಗಿ ಬೆಳಗಿನವರೆಗೆ ನಿದ್ದೆ ಮಾಡಿದೆ.

ರೂಮ್ ಕೇಳಿದೆ, ಕೊಟ್ಟರು. ಇದು ಮೇಲಿನ ಮಹಡಿ, ಬೀದಿ ಕಾಣುತ್ತೆ.

ಎಡದಂಡೆ ಅವರೇ, ಲಕ್ಸೆಂಬರ್ಗ್ ಉದ್ಯಾನಕ್ಕೆ ಹೋದೆ. ನೀವು ಕುರ್ಚಿ ಬಗ್ಗೆ ಹೇಳಿದ್ರಿ, ಕೊಳದ ಬಗ್ಗೆ ಹೇಳಿರಲಿಲ್ಲ. ನಡುವೆ ಎಂಟು ಮೂಲೆಯ ದೊಡ್ಡ ಕೊಳ. ಮಕ್ಕಳಿಗೆ ಮರದ ಆಟದ ದೋಣಿ ಬಾಡಿಗೆಗೆ ಕೊಡುತ್ತಾರೆ, ಬಟ್ಟೆಯ ಹಾಯಿ ಇರೋದು. ಬ್ಯಾಟರಿ ಇಲ್ಲ, ರಿಮೋಟ್ ಇಲ್ಲ. ಒಂದು ಕೋಲು ಕೊಡುತ್ತಾರೆ. ಕೋಲಿನಿಂದ ದೋಣಿಯನ್ನು ನೀರಿಗೆ ತಳ್ಳಬೇಕು. ಆಮೇಲೆ ಎಲ್ಲಾ ಗಾಳಿಗೆ ಬಿಟ್ಟಿದ್ದು. ಅದು ಯಾವ ದಡಕ್ಕೆ ಬರುತ್ತೋ ಆ ಕಡೆಗೆ ಮಕ್ಕಳು ಓಡುತ್ತಾರೆ.

ನಾನು ಕುರ್ಚಿ ಎಳೆದುಕೊಂಡು ಅಂಚಿಗೇ ಕೂತಿದ್ದೆ. ಆರೇಳು ವರ್ಷದ ಹುಡುಗ, ಕೆಂಪು ಹಾಯಿಯ ದೋಣಿ. ಅದು ನಡುವಿನ ಕಾರಂಜಿ ಹತ್ತಿರ ಸಿಕ್ಕಿಕೊಂಡು ಗಿರಗಿರ ತಿರುಗುತ್ತಿತ್ತು. ಅವನು ಅಳಲಿಲ್ಲ, ಕೂಗಲಿಲ್ಲ. ಕೋಲು ಹಿಡಿದುಕೊಂಡು ಕೊಳದ ಸುತ್ತ ನಡೆಯುತ್ತಾ ನೋಡುತ್ತಿದ್ದ. ಹತ್ತು ನಿಮಿಷ ಆಗಿರಬೇಕು. ಗಾಳಿ ತಿರುಗಿತು. ದೋಣಿ ಓರೆಯಾಗಿ ನೇರ ನನ್ನ ಕಡೆಗೆ ಬಂತು. ಅವನು ಆಚೆ ದಡದಲ್ಲಿದ್ದ. ಅದು ಕಲ್ಲಿಗೆ ಬಡಿಯೋ ಮುಂಚೆ ನಾನು ಬಗ್ಗಿ ಮೂತಿ ಹಿಡಿದುಕೊಂಡೆ. ಮರ ತಣ್ಣಗಿತ್ತು, ಹಾಯಿ ಒದ್ದೆಯಾಗಿ ಭಾರವಾಗಿತ್ತು. ಓಡಿಬಂದವನು ಏದುಸಿರು ಬಿಡುತ್ತಾ "ಮೆರ್ಸಿ ಮದಾಮ್" ಅಂದ. ಆಮೇಲೆ ಉದ್ದಕ್ಕೆ ಏನೋ ಹೇಳಿದ. ನನಗೆ ಅರ್ಥ ಆಗಲಿಲ್ಲ. ಕೋಲನ್ನು ನನ್ನ ಕೈಗೆ ಕೊಟ್ಟು ದೋಣಿ ಕಡೆ ತೋರಿಸಿದ. ತಳ್ಳಿದೆ.

ಎರಡು ಗಂಟೆ ಕೂತಿದ್ದೆ. ಫೋಟೋ ತೆಗೆಯೋದು ನೆನಪಾಗಲಿಲ್ಲ. ಮಾರನೇ ದಿನವೂ ಅದೇ ಹೊತ್ತಿಗೆ ಹೋದೆ, ಇವತ್ತೂ ಹೋದೆ. ದೋಣಿ ಬಾಡಿಗೆಗೆ ಕೊಡೋರು ಇವತ್ತು ನನ್ನನ್ನು ನೋಡಿ ತಲೆ ಆಡಿಸಿದರು. ನರ್ಸ್ ಅಕ್ಕ, ನೀವು ಹೇಳಿದ ಹಾಗೇ ಸರಿಯಾಗಿ ಮೂರನೇ ದಿನಕ್ಕೆ.

ಗೋಪುರ ಬಸ್ಸಿನಿಂದ ಇನ್ನೊಂದು ಸಲ ಕಂಡಿತು. ಇನ್ನೂ ಏನೂ ಅನ್ನಿಸಲಿಲ್ಲ. ಅದಕ್ಕೆ ಈಗ ಬೇಜಾರಿಲ್ಲ. ಸಂಜೆ ಭಾರ ಆಗೋದೂ ಪೂರ್ತಿ ಹೋಗಿಲ್ಲ, ನಿನ್ನೆ ಸ್ವಲ್ಪ ಅತ್ತೆ. ಅರ್ಧದಾರಿ ಅವರೇ, ನೀವು ಹೇಳಿದ ಹಾಗೆ ಬೆಳಗ್ಗೆ ಎದ್ದು ಯೋಚನೆ ಮಾಡಿ ಟಿಕೆಟ್ ಬದಲಾಯಿಸಿದೆ. ಎರಡು ದಿನ ಮುಂಚೆ ಹೊರಡುತ್ತಿದ್ದೇನೆ. ತಾರೀಖು ಮೂರು ಸಲ ನೋಡಿಕೊಂಡೆ.

ನಾಳೆ ಇಲ್ಲಿ ಕೊನೆಯ ದಿನ. ಪಟ್ಟಿಯಲ್ಲಿ ಒರ್ಸೆ ಮ್ಯೂಸಿಯಂ ಇತ್ತು, ಹೊಡೆದುಹಾಕಿದ್ದೇನೆ. ಮಧ್ಯಾಹ್ನ ಗಾಳಿ ಇರುತ್ತೆ ಅಂತ ಹವಾಮಾನದಲ್ಲಿ ತೋರಿಸುತ್ತಿದೆ. ನಾನೂ ಒಂದು ದೋಣಿ ಬಾಡಿಗೆಗೆ ತಗೋತೀನಿ.